ಧ್ವನಿಮುದ್ರಣದ ಮೂಲಪ್ರತಿ: ಸಂಕುಚಿತವೋ ಅಸಂಕುಚಿತವೋ

ವಿಶಾಖಪಟ್ಟಣದಲ್ಲಿರುವ ನಮ್ಮ ಸಂಘದ ಕೊಠಡಿಯ ಉಕ್ಕಿನ ಬೀರುವಿನಲ್ಲಿ ಸುಮಾರು 140 ಕ್ಯಾಸೆಟ್ಟುಗಳು ಇವೆಯೆಂಬುದು ಹಳೆಯ ಸದಸ್ಯರಿಗೆ ತಿಳಿದ ಸಂಗತಿ. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಉತ್ಸಾಹಿಗಳಾದ ಕೆಲವರು ಇವನ್ನು ತುಂಬಿಸಿದರು. ಅತಿಥಿ ವಿದ್ವಾಂಸರ ಉಪನ್ಯಾಸಗಳು, ಒಂದೆರಡು ತಾಳಮದ್ದಲೆಗಳು, ನಾಡಹಬ್ಬದ ಸಂಗೀತ ಇವುಗಳ ಜೊತೆಗೆ, ಬಂದರು, ಉಕ್ಕಿನ ಕಾರ್ಖಾನೆ, ಹೋಟೆಲು, ಬ್ಯಾಂಕು ಎಂದು ಬೇರೆ ಬೇರೆ ಕಾರಣಗಳಿಂದ ಇಲ್ಲಿಗೂ ವಿಜಯವಾಡಕ್ಕೂ ಬಂದು ನೆಲಸಿದ ಮನೆಗಳ ಹಿರಿಯ ಹೆಂಗಸರು ಹಾಡಿದ ಹಸೆಯ ಹಾಡು, ಸೋಬಾನೆ, ತೊಟ್ಟಿಲ ಹಾಡುಗಳೂ ಅವುಗಳಲ್ಲಿವೆ. ಹಾಡಿದವರಲ್ಲಿ ಬಹುಮಂದಿ ಈಗಿಲ್ಲ. ಸಮುದ್ರದ ಉಪ್ಪುಗಾಳಿಯ ಈ ಊರಿನಲ್ಲಿ ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯುವುದು ಆಶ್ಚರ್ಯವಲ್ಲ. ಈಗಾಗಲೇ ಹನ್ನೊಂದಕ್ಕೆ ಹಿಡಿದಿದೆ. ಆದಕಾರಣ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಬೇಕೆಂದು ಕಾರ್ಯಕಾರಿ ಸಮಿತಿ ನಿಶ್ಚಯಿಸಿದೆ. ಕೆಲಸ ಒಪ್ಪಿಕೊಳ್ಳಲು ಬಂದವರು ಕೇಳಿದ ಮೊದಲ ಪ್ರಶ್ನೆ ಇದು: "ಯಾವ ಫೈಲಿನಲ್ಲಿ ಕೊಡೋಣ? ಎಂಪಿ3 ಸಾಕೆ, ವೇವ್ ಬೇಕೆ?"

ಸಮಿತಿಯಲ್ಲಿ ಎಂಪಿ3 ಸಾಕೆಂಬ ಅಭಿಪ್ರಾಯವೇ ಪ್ರಬಲವಾಗಿತ್ತು. ಅದಕ್ಕೆ ಕಾರಣವೂ ಇತ್ತು. ಒಂದೇ ಹಾಡನ್ನು ಎರಡು ಬಗೆಯ ಫೈಲುಗಳಲ್ಲಿ ಕೇಳಿಸಿದಾಗ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಸತ್ಯವನ್ನು ಹೇಳಬೇಕಾದರೆ, ನನಗೂ ತಿಳಿಯಲಿಲ್ಲ. ಹೀಗಿದ್ದೂ ಮೂಲಪ್ರತಿಯನ್ನು ಎಂಪಿ3 ರೂಪದಲ್ಲಿ ಇಡಕೂಡದೆಂದು ನಾನು ವಾದಿಸಿದೆನು. ಕಿವಿಗೆ ತಿಳಿಯದ ವ್ಯತ್ಯಾಸಕ್ಕೆ ಬೆಲೆ ಕೊಡುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸಭೆಯಲ್ಲಿ ನಾಲ್ಕು ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲವಾದ್ದರಿಂದ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು, ಧ್ವನಿ ಅಂಕೆಯಾಗುವ ಬಗೆಯನ್ನು ನೋಡೋಣ. ಬಂದರಿನಲ್ಲಿ ಉಬ್ಬರವಿಳಿತವನ್ನು ಅಳೆಯುವವನು ನಿಯತ ಕಾಲಕ್ಕೊಮ್ಮೆ ನೀರಿನ ಮಟ್ಟವನ್ನು ನೋಡಿ ಪುಸ್ತಕದಲ್ಲಿ ಬರೆದಿಡುತ್ತಾನೆ. ಆ ಅಂಕೆಗಳನ್ನು ಸೇರಿಸಿ ಗೆರೆ ಎಳೆದರೆ ಸಮುದ್ರದ ಏರಿಳಿತ ಕಾಗದದ ಮೇಲೆ ಮೂಡುತ್ತದೆ. ದಿನಕ್ಕೊಮ್ಮೆ ಮಾತ್ರ ಅಳೆದರೆ ಎರಡು ಉಬ್ಬರಗಳ ನಡುವಣ ಇಳಿತ ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಧ್ವನಿಯೂ ಗಾಳಿಯ ಒತ್ತಡದ ಏರಿಳಿತವೇ ಆದುದರಿಂದ ಅದನ್ನೂ ಹೀಗೆಯೇ ಅಳೆಯಬಹುದು; ವ್ಯತ್ಯಾಸವಿರುವುದು ವೇಗದಲ್ಲಿ. ಹಿಡಿಯಬೇಕಾದ ಅತಿ ಶೀಘ್ರ ಕಂಪನದ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಆ ಧ್ವನಿಯನ್ನು ಲೋಪವಿಲ್ಲದೆ ಮತ್ತೆ ಪಡೆಯಬಹುದೆಂಬ ತತ್ತ್ವಕ್ಕೆ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತಳಹದಿ ಹಾಕಿದನು. ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಗಣಿತವಾಗಿ ಸ್ಪಷ್ಟಪಡಿಸಿದನು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲುದು. ಆದ್ದರಿಂದಲೇ ಸಂಗೀತದ ಸಿ.ಡಿ. ತಟ್ಟೆಯಲ್ಲಿ ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಯನ್ನು 16 ಬಿಟ್ಟುಗಳಲ್ಲಿ, ಎಂದರೆ 65,536 ಮೆಟ್ಟಿಲುಗಳ ಒಂದು ಏಣಿಯ ಮೇಲೆ ಗುರುತಿಸುತ್ತಾರೆ. ಎಡ ಬಲ ಎರಡು ವಾಹಿನಿಗಳಿಗೆ ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್ಟುಗಳಾಗುತ್ತವೆ. ಒಂದು ಗಂಟೆಗೆ ಸುಮಾರು 635 ಮೆಗಾಬೈಟು. ಈ ಅಳತೆಗಳನ್ನು ಒಂದನ್ನೂ ಬಿಡದೆ ಸಾಲಾಗಿ ಬರೆದಿಟ್ಟ ಫೈಲೇ ಅಸಂಕುಚಿತ ಫೈಲು. ಮೈಕ್ರೋಸಾಫ್ಟ್ ಮತ್ತು ಐಬಿಎಂ ಸಂಸ್ಥೆಗಳು 1991ರಲ್ಲಿ ಬಳಕೆಗೆ ತಂದ ವೇವ್ ಇಂಥದು. ಆಪಲ್ ಸಂಸ್ಥೆ 1988ರಲ್ಲಿ ರೂಪಿಸಿದ ಎಐಎಫ್‌ಎಫ್ ಎಂಬುದೂ ಇಂಥದೇ.

ಸಂಕುಚಿತ ಫೈಲು ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ವಸ್ತುಗಳು ಅಡಗಿರುವುದೇ ಈ ವಿಷಯದಲ್ಲಿ ಹುಟ್ಟುವ ಗೊಂದಲಕ್ಕೆಲ್ಲ ಮೂಲ. ಹತ್ತಿಯನ್ನು ಯಂತ್ರದಲ್ಲಿ ಒತ್ತಿ ಅಂಡಿಗೆ ಕಟ್ಟಿ ಹಡಗಿಗೆ ಏರಿಸುತ್ತಾರೆ. ಸೇರಬೇಕಾದ ಊರಿನಲ್ಲಿ ಕಟ್ಟು ಬಿಚ್ಚಿದರೆ ಹತ್ತಿ ಹತ್ತಿಯಾಗಿಯೇ ಇರುತ್ತದೆ, ಒಂದು ಎಳೆಯೂ ಕಡಮೆಯಾಗುವುದಿಲ್ಲ. ಕಬ್ಬನ್ನು ಗಾಣಕ್ಕೆ ಕೊಟ್ಟು ಬೆಲ್ಲ ಮಾಡಿದರೂ ಗಾತ್ರ ಕುಗ್ಗುತ್ತದೆ. ಆದರೆ ಬೆಲ್ಲದಿಂದ ಮತ್ತೆ ಕಬ್ಬು ಬಾರದು. ಮೊದಲನೆಯದನ್ನು ನಷ್ಟರಹಿತ ಸಂಕೋಚನವೆಂದೂ ಎರಡನೆಯದನ್ನು ನಷ್ಟಸಹಿತ ಸಂಕೋಚನವೆಂದೂ ಕರೆಯೋಣ.

ನಷ್ಟರಹಿತಕ್ಕೆ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಫ್ಲಾಕ್. ಜಾಶ್ ಕೋಲ್ಸನ್ ಎಂಬವರು ಇದರ ಮೊದಲ ಪೂರ್ಣ ಆವೃತ್ತಿಯನ್ನು 2001ರಲ್ಲಿ ಹೊರತಂದರು. 2024ರ ಡಿಸೆಂಬರಿನಲ್ಲಿ ಇದರ ಲಕ್ಷಣಗಳು ಅಂತರಜಾಲದ ಅಧಿಕೃತ ಪ್ರಮಾಣಪತ್ರವಾಗಿಯೂ ಪ್ರಕಟವಾಗಿವೆ. ಇದರ ಉಪಾಯ ಸರಳ. ಧ್ವನಿಯ ಅಳತೆಗಳು ಒಂದರಿಂದೊಂದಕ್ಕೆ ಹಠಾತ್ತಾಗಿ ನೆಗೆಯುವುದು ಅಪೂರ್ವವಾದ್ದರಿಂದ, ಹಿಂದಿನ ಕೆಲವು ಅಳತೆಗಳನ್ನು ನೋಡಿ ಮುಂದಿನದು ಇಷ್ಟಿರಬಹುದೆಂದು ಊಹಿಸಬಹುದು. ಊಹೆಗೂ ನಿಜಕ್ಕೂ ಇರುವ ಅಂತರವನ್ನು ಮಾತ್ರ ಬರೆದಿಟ್ಟರೆ ಸಾಕು. ಅಂತರ ಚಿಕ್ಕ ಸಂಖ್ಯೆಯಾದುದರಿಂದ ಕಡಮೆ ಸ್ಥಳ ಹಿಡಿಯುತ್ತದೆ. ಬಿಚ್ಚುವಾಗ ಅದೇ ಊಹೆಯನ್ನು ಮಾಡಿ ಅಂತರವನ್ನು ಸೇರಿಸಿದರೆ ಮೂಲದ ಅಂಕೆ ತಪ್ಪದೆ ಬರುತ್ತದೆ. ಅಲ್ಲದೆ ಫ್ಲಾಕ್ ಫೈಲು ಮೂಲದ ಅಂಕೆಗಳೆಲ್ಲದರಿಂದ ಲೆಕ್ಕ ಹಾಕಿದ ಒಂದು ತಾಳೆಸಂಖ್ಯೆಯನ್ನೂ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಬ್ಯಾಂಕಿನಲ್ಲಿ ಸಂಜೆ ನಗದು ತಾಳೆ ನೋಡುವಂತೆ, ಹತ್ತು ವರ್ಷದ ಮೇಲೂ ಫೈಲು ಕೆಟ್ಟಿದೆಯೋ ಇಲ್ಲವೋ ಎಂದು ಅದರಿಂದ ಪರೀಕ್ಷಿಸಬಹುದು. ನನ್ನಂಥ ವೃತ್ತಿಯವನಿಗೆ ಈ ಗುಣ ಪ್ರಿಯವಾದುದರಲ್ಲಿ ವಿಶೇಷವಿಲ್ಲ. ಗಾತ್ರ ಸಾಮಾನ್ಯವಾಗಿ ಅರ್ಧಕ್ಕೋ ಮೂರರಲ್ಲಿ ಎರಡು ಪಾಲಿಗೋ ಇಳಿಯುತ್ತದೆ. ಕ್ಯಾಸೆಟ್ಟಿನ ಸುಯ್ಯೆನ್ನುವ ಮರ್ಮರ ಹೆಚ್ಚಾಗಿದ್ದರೆ ಅಷ್ಟು ಇಳಿಯದು, ಏಕೆಂದರೆ ಮರ್ಮರವನ್ನು ಊಹಿಸಲು ಬಾರದು.

ಎಂಪಿ3 ಎರಡನೆಯ ಜಾತಿಯದು. ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ 1980ರ ದಶಕದಿಂದ ಕಾರ್ಲ್‌ಹೈಂಟ್ಸ್ ಬ್ರಾಂಡನ್‌ಬುರ್ಗ್ ಮೊದಲಾದವರು ನಡೆಸಿದ ಸಂಶೋಧನೆಯಿಂದ ಬೆಳೆದು, 1993ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಗಿ ಪ್ರಕಟವಾಗಿ, 1995ರಲ್ಲಿ ಈ ಹೆಸರನ್ನು ಪಡೆಯಿತು. ಕಿವಿಯ ಒಂದು ದೌರ್ಬಲ್ಯವೇ ಇದಕ್ಕೆ ಆಧಾರ. ಗಟ್ಟಿಯಾದ ಧ್ವನಿಯೊಂದು ಕೇಳುತ್ತಿರುವಾಗ, ಅದಕ್ಕೆ ಸಮೀಪದ ಶ್ರುತಿಯ ಮೆಲುದನಿ ನಮಗೆ ಕೇಳಿಸದು. ಗಟ್ಟಿ ದನಿ ನಿಂತ ಮೇಲೂ ಅದರ ನೆರಳು ಕ್ಷಣಕಾಲ ಇರುತ್ತದೆ. ಹೀಗೆ ಮುಚ್ಚಿಹೋಗುವ ಅಂಶಗಳನ್ನು ಲೆಕ್ಕ ಹಾಕಿ, ಅವನ್ನು ಒರಟಾಗಿ ಬರೆಯುವುದು, ಇಲ್ಲವೆ ಬಿಟ್ಟೇಬಿಡುವುದು ಎಂಪಿ3ಯ ಕ್ರಮ. ಸೆಕೆಂಡಿಗೆ 128 ಸಾವಿರ ಬಿಟ್ಟುಗಳ ಎಂಪಿ3 ಎಂದರೆ ಸಿ.ಡಿ.ಯ ಸುಮಾರು ಹನ್ನೊಂದನೆಯ ಒಂದು ಪಾಲು. ಹನ್ನೊಂದರಲ್ಲಿ ಹತ್ತು ಪಾಲನ್ನು ಬಿಟ್ಟೂ ಕೇಳುವವನಿಗೆ ಕೊರತೆ ತೋರದಂತೆ ಮಾಡಿದ್ದು ಬುದ್ಧಿಯ ಅಸಾಧಾರಣ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಕುತೂಹಲದ ಸಂಗತಿಯೊಂದನ್ನು ಇಲ್ಲಿಯೇ ಹೇಳಬಹುದು. ಈ ಕ್ರಮವನ್ನು ತಿದ್ದುವ ಕಾಲದಲ್ಲಿ ಬ್ರಾಂಡನ್‌ಬುರ್ಗ್ ಅವರನ್ನು ಬಹಳ ಕಾಡಿದ್ದು ವಾದ್ಯಮೇಳವಲ್ಲ. ಪಕ್ಕವಾದ್ಯವೇ ಇಲ್ಲದೆ ಒಬ್ಬ ಹೆಂಗಸು, ಸುಜಾನ್ ವೇಗಾ, ಹಾಡಿದ ಒಂದು ಹಾಡು. ಒಂಟಿ ಕಂಠದಲ್ಲಿ ತಪ್ಪನ್ನು ಮುಚ್ಚಿಕೊಳ್ಳಲು ಮರೆ ಇರುವುದಿಲ್ಲ. ನಮ್ಮ ಬೀರುವಿನಲ್ಲಿರುವ ಹಾಡುಗಳಲ್ಲಿ ಹೆಚ್ಚಿನವು ಒಂಟಿ ಕಂಠದವೆಂಬುದನ್ನು ನೆನೆಯಬೇಕು.

ಇನ್ನು ಸಮಿತಿಯ ಪ್ರಶ್ನೆಗೆ ಬರೋಣ. ಬಿಟ್ಟದ್ದು ಕೇಳಿಸದ ಪಾಲು ತಾನೆ?

ಶಾಸನಗಳ ಪರಿಚಯವಿರುವ ವಾಚಕರಿಗೆ ಈ ಪ್ರಶ್ನೆ ಹೊಸದಾಗಿ ತೋರದು. ಕಲ್ಲಿನ ಬರಹವನ್ನು ಪಡೆಯಲು ಎರಡು ದಾರಿಗಳುಂಟು. ಒಬ್ಬನು ಕಲ್ಲಿನ ಮುಂದೆ ಕುಳಿತು ತನಗೆ ಕಂಡಂತೆ ಓದಿ ಕೈಯಿಂದ ಬರೆದುಕೊಳ್ಳುತ್ತಾನೆ. ಮತ್ತೊಬ್ಬನು ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಬಡಿದು, ಮಸಿ ಸವರಿ, ಅಚ್ಚುಪ್ರತಿ ತೆಗೆಯುತ್ತಾನೆ. ಕೈಪ್ರತಿ ಓದಲು ಸುಲಭ, ಕಾಗದವೂ ಕಡಮೆ. ಅಚ್ಚುಪ್ರತಿಯಲ್ಲಿ ಕಲ್ಲಿನ ಬಿರುಕು, ಗೀರು, ಹುಳುಕು ಎಲ್ಲವೂ ಬರುತ್ತವೆ. ಆದರೂ ವಿದ್ವಾಂಸರು ಅಚ್ಚುಪ್ರತಿಯನ್ನೇ ಬೇಡುತ್ತಾರೆ, ಏಕೆಂದರೆ ಕೈಪ್ರತಿಯಲ್ಲಿ ಬರೆದವನ ತೀರ್ಮಾನ ಆಗಲೇ ಸೇರಿಹೋಗಿರುತ್ತದೆ. ಅವನು ಗೀರೆಂದು ಬಿಟ್ಟದ್ದು ಒಂದು ಒತ್ತಕ್ಷರವಾಗಿದ್ದರೆ ಅದನ್ನು ಮತ್ತೆ ಪಡೆಯಲು ಕಲ್ಲಿನ ಬಳಿಗೇ ಹೋಗಬೇಕು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು 1886ರಿಂದ ಅಚ್ಚಾದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಅವುಗಳ ಪರಿಷ್ಕೃತ ಆವೃತ್ತಿಯನ್ನು ಹೊರತರತೊಡಗಿತು. ಆ ಪರಿಷ್ಕರಣಕ್ಕೆ ಅವಕಾಶವಾದದ್ದು ಕಲ್ಲುಗಳು ಉಳಿದಿದ್ದುದರಿಂದ. ನಮ್ಮ ಕ್ಯಾಸೆಟ್ಟಿನ ಪಟ್ಟಿ ಕಲ್ಲಲ್ಲ. ಇನ್ನು ಹತ್ತು ವರ್ಷದಲ್ಲಿ ಅದು ಸುತ್ತುವುದೋ ಇಲ್ಲವೋ, ಅದನ್ನು ಸುತ್ತಿಸುವ ಯಂತ್ರವಾದರೂ ಸಿಕ್ಕುವುದೋ ಇಲ್ಲವೋ ಎಂಬ ಸ್ಥಿತಿ. ಈಗ ನಾವು ತೆಗೆಯುವ ಪ್ರತಿಯೇ ಮುಂದಿನವರಿಗೆ ಕಲ್ಲಾಗುತ್ತದೆ. ಎಂಪಿ3 ಎಂಬುದು ಬಹಳ ಜಾಣನಾದ ಲಿಪಿಕಾರನು ಬರೆದ ಕೈಪ್ರತಿ. ಆತನು ಜಾಣನೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆತನು ಕೇಳಿಕೊಂಡ ಪ್ರಶ್ನೆ "ಈಗ ಕೇಳುವವನ ಕಿವಿಗೆ ಏನು ಬೇಕು" ಎಂಬುದೊಂದೇ. ಐವತ್ತು ವರ್ಷದ ಮೇಲೆ ಕೇಳುವವನಿಗೆ ಬೇಕಾದದ್ದು ಬೇರೆಯಾಗಿರಬಹುದು. ಆತನು ಕೇಳುವುದು ಕಿವಿಯಿಂದಲೇ ಎಂಬ ನಿಶ್ಚಯವೂ ಇಲ್ಲ.

ಇದು ಕೇವಲ ಊಹೆಯ ಮಾತಲ್ಲ. ನನ್ನಿಂದಲೇ ಆದ ಒಂದು ಹಾನಿಯನ್ನು ಸಂಕೋಚದಿಂದಲೇ ಇಲ್ಲಿ ಹೇಳುತ್ತೇನೆ.

ನನ್ನ ಅಜ್ಜಿ ಧಾರವಾಡ ಸೀಮೆಯವರು. 1991ರಲ್ಲಿ ನನ್ನ ಸೋದರಮಾವ ಅವರಿಂದ ಬೀಸುಕಲ್ಲಿನ ಪದಗಳನ್ನು ಹಾಡಿಸಿ ಮೂರು ಕ್ಯಾಸೆಟ್ಟುಗಳಲ್ಲಿ ಹಿಡಿದರು. ಕಲ್ಲಿಲ್ಲದೆ ಪದ ಬಾರದೆಂದು ಅಜ್ಜಿ ಹಟ ಹಿಡಿದದ್ದರಿಂದ, ಜೋಳ ಹಾಕಿ ನಿಜವಾಗಿಯೇ ಬೀಸುತ್ತ ಹಾಡಿಸಬೇಕಾಯಿತು. ಅಜ್ಜಿ 1996ರಲ್ಲಿ ತೀರಿಕೊಂಡರು. 2007ರಲ್ಲಿ ನಾನು ವಿಜಯವಾಡದ ಶಾಖೆಯಲ್ಲಿದ್ದಾಗ ಆ ಕ್ಯಾಸೆಟ್ಟುಗಳನ್ನು ಅಲ್ಲಿಯ ಒಂದು ಅಂಗಡಿಯಲ್ಲಿ ಕೊಟ್ಟು ಫೈಲುಗಳನ್ನಾಗಿ ಮಾಡಿಸಿದೆನು. ಒಂದೇ ತಟ್ಟೆಯಲ್ಲಿ ಎಲ್ಲವೂ ಹಿಡಿದು ಇನ್ನೂ ಸ್ಥಳ ಮಿಕ್ಕಿದ್ದನ್ನು ಕಂಡು ಸಂತೋಷಪಟ್ಟೆನು. ಅದು ಸೆಕೆಂಡಿಗೆ 32 ಸಾವಿರ ಬಿಟ್ಟಿನ ಎಂಪಿ3 ಎಂಬುದನ್ನು ನೋಡುವ ತಿಳಿವಳಿಕೆ ಆಗ ಇರಲಿಲ್ಲ. ಮುಂದಿನ ವರ್ಗಾವಣೆಯ ಗಡಿಬಿಡಿಯಲ್ಲಿ, ಹೇಗೂ ಪ್ರತಿ ಇದೆಯಲ್ಲ ಎಂದು, ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ನಾನೇ ಎಸೆದೆನು.

ಕೆಲವು ವರ್ಷಗಳ ಅನಂತರ ತ್ರಿಪದಿಯ ಲಯದ ವಿಷಯವಾಗಿ ಒಂದು ಪ್ರಬಂಧ ಬರೆಯಲು ತೊಡಗಿದೆನು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲದಿಂದ, ಎಂದರೆ ಸುಮಾರು ಕ್ರಿ.ಶ. 700ರಿಂದ, ನಮಗೆ ಕಾಣುವ ಈ ಅಂಶಛಂದಸ್ಸು ಜನಪದದಲ್ಲಿ ಬೀಸುಕಲ್ಲಿನೊಡನೆ ಬೆಳೆದದ್ದೆಂದು ಎಲ್ಲರೂ ಹೇಳುತ್ತಾರೆ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನ ಅದರ ಸಂಪತ್ತನ್ನು ನಾಡಿಗೆ ತೋರಿಸಿತು. ಆದರೆ ಪುಸ್ತಕದಲ್ಲಿ ಮಾತು ಇರುತ್ತದೆ, ಕಲ್ಲು ಇರುವುದಿಲ್ಲ. ಕಲ್ಲಿನ ಒಂದು ಸುತ್ತು ಸಾಲಿನ ಯಾವ ಗಣದಲ್ಲಿ ಮೊದಲಾಗುತ್ತದೆ, ಎರಡನೆಯ ಸಾಲನ್ನು ಮರಳಿ ಹಾಡುವಾಗ ಸುತ್ತು ನಿಧಾನವಾಗುತ್ತದೆಯೇ ಎಂಬುದನ್ನು ಅಳೆದು ನೋಡಬೇಕೆಂದು ನನ್ನ ಆಸೆ. ಅಜ್ಜಿಯ ಫೈಲನ್ನು ತೆರೆದು ಕಂಪ್ಯೂಟರಿನಲ್ಲಿ ಅದರ ಧ್ವನಿಚಿತ್ರವನ್ನು ಬಿಡಿಸಿದೆನು. ಅಜ್ಜಿ ಉಸಿರೆಳೆದುಕೊಳ್ಳಲು ನಿಂತ ಕಡೆಗಳಲ್ಲಿ ಕಲ್ಲಿನ ಸದ್ದು ಇದೆ. ಆದರೆ ಗರಗರ ಎಂಬ ಒರಟು ಹೋಗಿ ನೀರು ಹರಿದಂತೆ ಕೇಳುತ್ತದೆ. ಅವರು ಹಾಡತೊಡಗಿದೊಡನೆ ಕಲ್ಲು ಇಲ್ಲವಾಗುತ್ತದೆ. ಗಟ್ಟಿ ಕಂಠದ ಮರೆಯಲ್ಲಿ ಮೆಲ್ಲನೆಯ ಕಲ್ಲು ಕೇಳಿಸದೆಂದು ಲೆಕ್ಕ ಹಾಕಿ ಎಂಪಿ3 ಅದನ್ನು ಬಿಟ್ಟಿತ್ತು. ಅದರ ಲೆಕ್ಕ ಸರಿಯಾದದ್ದೇ. ಕ್ಯಾಸೆಟ್ಟನ್ನು ಕೇಳುತ್ತಿದ್ದ ಕಾಲದಲ್ಲಿಯೂ ಹಾಡಿನ ನಡುವೆ ಕಲ್ಲಿನ ಕಡೆಗೆ ನನ್ನ ಕಿವಿ ಹೋದ ನೆನಪಿಲ್ಲ. ಪದ ಮತ್ತು ಸುತ್ತು ಎರಡೂ ಒಟ್ಟಿಗೆ ಇರಬೇಕಾದ ಜಾಗಗಳಲ್ಲಿಯೇ ಸುತ್ತು ಅಳಿಸಿಹೋಗಿದ್ದರಿಂದ ಪ್ರಬಂಧವನ್ನು ಕೈಬಿಟ್ಟೆನು.

ಸೆಕೆಂಡಿಗೆ 32 ಸಾವಿರ ಬಿಟ್ಟು ಎಂಬುದು ತೀರ ಕೀಳುಮಟ್ಟದ್ದು. 192 ಅಥವಾ 320 ಸಾವಿರವಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲವೆಂದು ಬಲ್ಲವರು ಹೇಳುವರು. ಅದು ನಿಜ. ಮಾತಿನ ಏರಿಳಿತ, ಸ್ವರಗಳ ದೀರ್ಘ ಹ್ರಸ್ವ, ಹಾಡಿನ ಶ್ರುತಿ ಇವೆಲ್ಲ ಉತ್ತಮ ದರ್ಜೆಯ ಎಂಪಿ3ಯಲ್ಲಿ ಅಳೆಯುವಷ್ಟು ಚೆನ್ನಾಗಿಯೇ ಉಳಿಯುತ್ತವೆ. ಕೆಡುವುದು ಮುಖ್ಯವಾಗಿ ಎರಡು ಕಡೆ. ಒಂದು, ಥಟ್ಟನೆ ಹುಟ್ಟುವ ಪೆಟ್ಟುಗಳು. ಎಂಪಿ3 ಧ್ವನಿಯನ್ನು ಚಿಕ್ಕ ಚಿಕ್ಕ ತುಂಡುಗಳನ್ನಾಗಿ ಕತ್ತರಿಸಿ ತೂಗುವುದರಿಂದ, ತುಂಡಿನ ನಡುವೆ ಬಿದ್ದ ಪೆಟ್ಟಿನ ಒರಟುತನ ಅದರ ಹಿಂದಕ್ಕೂ ಹರಡಿ, ಪೆಟ್ಟಿಗೆ ಮೊದಲೇ ಅದರ ಮಸುಕು ಪ್ರತಿಧ್ವನಿ ಹುಟ್ಟುತ್ತದೆ. ತಾಳಮದ್ದಲೆಯ ಚಂಡೆ ಮತ್ತು ಚಕ್ರತಾಳಗಳಲ್ಲಿ ಇದನ್ನು ಕಾಣಬಹುದು.

ಎರಡನೆಯದು ಊಷ್ಮಾಕ್ಷರಗಳು. ಶಕಾರ ಸಕಾರಗಳ ಭೇದವೆಲ್ಲ ಇರುವುದು ಸೆಕೆಂಡಿಗೆ ಮೂರು ನಾಲ್ಕು ಸಾವಿರಕ್ಕೆ ಮೇಲ್ಪಟ್ಟ ಕಂಪನಗಳಲ್ಲಿ. ಹಳೆಯ ಟೆಲಿಫೋನು 3,400ಕ್ಕೆ ಮೇಲಿನದನ್ನು ಒಯ್ಯುತ್ತಿರಲಿಲ್ಲವಾದ್ದರಿಂದ, ಗ್ರಾಹಕರ ಹೆಸರನ್ನು ಫೋನಿನಲ್ಲಿ ಬರೆದುಕೊಳ್ಳುವಾಗ ಶಾಂತಾ ಯಾರು ಸಾಂತಾ ಯಾರು ಎಂದು ನಾವು ತಡವರಿಸಿದ್ದುಂಟು. ತೆಲುಗು ನಾಡಿನಲ್ಲಿ ಬಾಳುವ ನಮಗೆ ಇದು ಇನ್ನಷ್ಟು ಮುಖ್ಯ. ತೆಲುಗಿನಲ್ಲಿ ಚಕಾರಕ್ಕೆ ತಾಲವ್ಯ ಉಚ್ಚಾರಣೆಯೊಂದು, 'ತ್ಸ' ಎಂಬಂತೆ ದಂತ್ಯ ಉಚ್ಚಾರಣೆಯೊಂದು ಇದೆ. ಇಲ್ಲಿ ಎರಡು ತಲೆಮಾರು ಕಳೆದ ಕುಂದಾಪುರದ ಅಥವಾ ಮೈಸೂರಿನ ಮನೆಯವರ ಚಕಾರ ಯಾವ ಕಡೆಗೆ ಸರಿದಿದೆ? ಧಾರವಾಡದ ಕಡೆಯವರು ಮರಾಠಿಯ ಸಹವಾಸದಿಂದ ಬರುವಾಗಲೇ ದಂತ್ಯ ಚಕಾರವನ್ನು ತಂದಿದ್ದರೆ? ಇದಕ್ಕೆ ಸಾಕ್ಷ್ಯವಿರುವುದು ಆ ಅಕ್ಷರದ ಘರ್ಷಣೆಯ ಮೇಲ್ಕಂಪನಗಳಲ್ಲಿ. ಎಂಪಿ3 ಮೊದಲು ಕೈಯಿಡುವುದು ಅಲ್ಲಿಯೇ. ಪಂಪನ ಪೂರ್ವಿಕರು ವೆಂಗಿಮಂಡಲದವರು. ಆ ವೆಂಗಿ ವಿಜಯವಾಡಕ್ಕೆ ದೂರವಲ್ಲ, ಏಲೂರಿನ ಬಳಿಯ ಇಂದಿನ ಪೆದವೇಗಿ. ಅಂದು ಅಲ್ಲಿ ಕನ್ನಡವನ್ನು ಆಡುತ್ತಿದ್ದವರ ಬಾಯಲ್ಲಿ ಅದು ಹೇಗೆ ಕೇಳಿಸುತ್ತಿತ್ತೆಂಬುದನ್ನು ಯಾವ ಶಾಸನವೂ ಹೇಳಲಾರದು. ಇದೇ ನೆಲದಲ್ಲಿ ಸಾವಿರ ವರ್ಷದ ಮೇಲೆ ಕನ್ನಡವಾಡಿದವರ ದನಿ ನಮ್ಮ ಬೀರುವಿನಲ್ಲಿದೆ.

ಎಂಪಿ3ಯ ಮತ್ತೊಂದು ಸ್ವಭಾವವನ್ನು ಮರೆಯಲಾಗದು. ಒಮ್ಮೆ ಸಂಕುಚಿತವಾದುದನ್ನು ತಿದ್ದಿ, ಕತ್ತರಿಸಿ, ಮತ್ತೊಮ್ಮೆ ಎಂಪಿ3 ಮಾಡಿದರೆ ಎರಡನೆಯ ನಷ್ಟ ಮೊದಲನೆಯದರ ಮೇಲೆ ಕೂಡುತ್ತದೆ. ಓಲೆಯಿಂದ ಓಲೆಗೆ ನಕಲು ಮಾಡುವಾಗ ಪಾಠ ಕೆಡುವ ಬಗೆಯಂತೆಯೇ ಇದು. ವಾಟ್ಸಾಪಿನಲ್ಲಿ ಹಾಡಿ ಕಳಿಸುವ ಧ್ವನಿಸಂದೇಶಗಳು 2012ರಲ್ಲಿ ಪ್ರಮಾಣವಾದ ಓಪಸ್ ಎಂಬ ಮತ್ತೊಂದು ನಷ್ಟಸಹಿತ ಕ್ರಮದಲ್ಲಿ ಕುಗ್ಗಿರುತ್ತವೆ. ಸ್ಪೀಕರಿನಿಂದ ಕೇಳಿಸಿ ಮತ್ತೊಂದು ಫೋನಿನಲ್ಲಿ ಹಿಡಿದು ಮುಂದಕ್ಕೆ ಕಳಿಸುವ ಅಭ್ಯಾಸವನ್ನಂತೂ ಬಿಡಬೇಕು. ಊರಿನಿಂದ ಯಾರಾದರೂ ಧ್ವನಿಯ ಫೈಲನ್ನು ಕಳಿಸುವುದಾದರೆ ದಸ್ತಾವೇಜಾಗಿ, ಎಂದರೆ ಡಾಕ್ಯುಮೆಂಟಾಗಿ ಕಳಿಸಲು ಹೇಳಿರಿ. ಆಗ ಅದು ಇದ್ದಂತೆಯೇ ಬರುತ್ತದೆ.

ಇದಕ್ಕೆ ವಿಪರೀತವಾದ ತಪ್ಪೂ ಒಂದುಂಟು. ಎಂಪಿ3ಯಾಗಿಯೇ ಸಿಕ್ಕಿದುದನ್ನು ವೇವ್ ಮಾಡಿ ಇಟ್ಟರೆ ಗುಣ ಹೆಚ್ಚುವುದೆಂದು ಕೆಲವರ ನಂಬಿಕೆ. ನಿನ್ನೆ ಅಚ್ಚಾದ ಪುಸ್ತಕವನ್ನು ತಾಳೆಯೋಲೆಯ ಮೇಲೆ ಬರೆದರೆ ಅದು ಪ್ರಾಚೀನ ಪ್ರತಿಯಾಗದು. ಫೈಲು ದಪ್ಪವಾಗುತ್ತದೆ, ಅಷ್ಟೆ. ಅಲ್ಲದೆ ಮುಂದೆ ಬರುವವರು ಅದನ್ನು ಮೂಲವೆಂದು ಭ್ರಮಿಸುತ್ತಾರೆ. ಫೋನಿನಲ್ಲಿ ಹಿಡಿದ ಎಂ4ಎ ಮೊದಲಾದ ಫೈಲುಗಳು ಹುಟ್ಟುವಾಗಲೇ ಸಂಕುಚಿತವಾದುವು. ಅವಕ್ಕೆ ಆ ಫೈಲೇ ಮೂಲಪ್ರತಿ, ಅದನ್ನು ಮುಟ್ಟದೆ ಹಾಗೆಯೇ ಇಡಬೇಕು. ಕೆಲಸ ಒಪ್ಪಿಕೊಂಡವರು ಕೊಡುವ ವೇವ್ ನಿಜವಾದ ವೇವೇ ಎಂಬುದನ್ನೂ ಧ್ವನಿಚಿತ್ರದಿಂದ ಪರೀಕ್ಷಿಸಬಹುದು. ಕಡಮೆ ದರ್ಜೆಯ ಎಂಪಿ3ಯಿಂದ ಮಾಡಿದ ವೇವ್‌ನಲ್ಲಿ ಮೇಲ್ಕಂಪನಗಳು ಚಾಕುವಿನಿಂದ ಕತ್ತರಿಸಿದಂತೆ ಒಂದೇ ಮಟ್ಟದಲ್ಲಿ ನಿಂತಿರುತ್ತವೆ. ಕ್ಯಾಸೆಟ್ಟಿನ ಮರ್ಮರಕ್ಕೆ ಅಂಥ ಅಂಚು ಇರುವುದಿಲ್ಲ.

ಖರ್ಚಿನ ಆಕ್ಷೇಪವನ್ನು ಬ್ಯಾಂಕಿನವನಾದ ನಾನು ಲಘುವಾಗಿ ತಳ್ಳುವಂತಿಲ್ಲ. ಧ್ವನಿ ಹಾಗೂ ದೃಶ್ಯಶ್ರಾವ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 1969ರಲ್ಲಿ ಸ್ಥಾಪಿತವಾದದ್ದು. ಅದರ ಮಾರ್ಗದರ್ಶಿ, 2009ರ ಆವೃತ್ತಿಯಲ್ಲಿ, ಹಳೆಯ ಮುದ್ರಿಕೆಗಳನ್ನು ಕನಿಷ್ಠ ಸೆಕೆಂಡಿಗೆ 48,000 ಅಳತೆ ಮತ್ತು 24 ಬಿಟ್ಟುಗಳಲ್ಲಿ ತೆಗೆಯಬೇಕೆನ್ನುತ್ತದೆ. ಕ್ಯಾಸೆಟ್ಟಿನ ಮೆಲುದನಿಗೂ ಗಟ್ಟಿದನಿಗೂ ಇರುವ ಅಂತರಕ್ಕೆ 16 ಬಿಟ್ಟು ಧಾರಾಳವಾಗಿ ಸಾಕು. ಆದರೂ 24 ಏಕೆಂದರೆ, ಮಟ್ಟವನ್ನು ತುಸು ತಗ್ಗಿಸಿಟ್ಟು, ಅನಿರೀಕ್ಷಿತವಾದ ಚಂಡೆಯ ಪೆಟ್ಟಿಗೂ ತಲೆಯ ಮೇಲೆ ಜಾಗ ಬಿಡಬಹುದು. ಮಾತಿನ 80 ಕ್ಯಾಸೆಟ್ಟುಗಳನ್ನು 48,000ದಲ್ಲಿಯೂ, ಹಾಡು ಮತ್ತು ತಾಳಮದ್ದಲೆಯ 60ನ್ನು 96,000ದಲ್ಲಿಯೂ ತೆಗೆದರೆ, ಒಂದೊಂದೂ ಒಂದು ಗಂಟೆಯದೆಂದು ಹಿಡಿದು, ಒಟ್ಟು ಸುಮಾರು 207 ಗಿಗಾಬೈಟು. ಎಲ್ಲವನ್ನೂ 128 ಸಾವಿರದ ಎಂಪಿ3 ಮಾಡಿದರೆ ಎಂಟು ಗಿಗಾಬೈಟು. ಇಪ್ಪತ್ತೈದು ಮಡಿಯ ಈ ವ್ಯತ್ಯಾಸ 2000ದ ಸುಮಾರಿಗೆ ಭಯಂಕರವಾಗಿತ್ತು. ಇಂದು ಒಂದು ಟೆರಾಬೈಟಿನ, ಎಂದರೆ 1,000 ಗಿಗಾಬೈಟಿನ ತಟ್ಟೆಯಲ್ಲಿ ಇಂಥ ನಾಲ್ಕು ಸಂಗ್ರಹಗಳು ಹಿಡಿಯುತ್ತವೆ. ಅದರ ಬೆಲೆ ನಮ್ಮ ವಾರ್ಷಿಕೋತ್ಸವದ ಊಟದ ಖರ್ಚನ್ನು ಮುಟ್ಟುವುದಿಲ್ಲ. ಕೆಲಸದ ಕೂಲಿಯಾದರೋ ಎರಡಕ್ಕೂ ಒಂದೇ, ಒಂದು ಗಂಟೆಯ ಕ್ಯಾಸೆಟ್ಟು ಸುತ್ತಲು ಒಂದು ಗಂಟೆ ಬೇಕೇ ಬೇಕು. ಸೆಕೆಂಡಿಗೆ 1,92,000 ಅಳತೆಯೆಂದು ಕೆಲವರು ಜಾಹೀರಾತು ಮಾಡುತ್ತಾರೆ. ಮನೆಯ ಕ್ಯಾಸೆಟ್ಟಿಗೆ ಅದು ವ್ಯರ್ಥ. ಆ ಹಣದಲ್ಲಿ ಒಳ್ಳೆಯ ಯಂತ್ರವನ್ನು ತರಿಸಿ, ಅದರ ತಲೆಯನ್ನು ಶುಚಿ ಮಾಡಿ, ಪಟ್ಟಿಯ ಓರೆಗೆ ಸರಿಯಾಗಿ ಅದನ್ನು ತಿರುಗಿಸಿ ಹೊಂದಿಸಿದರೆ ಆಗುವ ಲಾಭ ಬಹಳ ಹೆಚ್ಚು. ಮಸುಕಾದ ಯಂತ್ರದಿಂದ ತೆಗೆದ ವೇವ್‌ಗಿಂತ ಚೊಕ್ಕ ಯಂತ್ರದಿಂದ ತೆಗೆದ ಎಂಪಿ3 ಮೇಲೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಹೀಗಿರಲು ಸಮಿತಿಗೆ ನನ್ನ ಸಲಹೆ ಇಷ್ಟು. ಮೂಲಪ್ರತಿ ವೇವ್ ಆಗಿರಲಿ. ಅದರಲ್ಲಿಯೂ ದಿನಾಂಕ, ವಿವರ ಮೊದಲಾದುವನ್ನು ಒಳಗೇ ಬರೆಯಲು ಅನುಕೂಲವಾಗುವಂತೆ ಯುರೋಪಿನ ಪ್ರಸಾರ ಒಕ್ಕೂಟ 1997ರಲ್ಲಿ ರೂಪಿಸಿದ ಪ್ರಸಾರ ವೇವ್ ಆದರೆ ಉತ್ತಮ. ಸ್ಥಳದ ಚಿಂತೆಯಿರುವವರು ಫ್ಲಾಕ್ ಇಟ್ಟುಕೊಂಡರೂ ತಪ್ಪಿಲ್ಲ. ಅದರಿಂದ ವೇವನ್ನು ಯಾವಾಗ ಬೇಕಾದರೂ ಪೂರ್ತಿಯಾಗಿ ಪಡೆಯಬಹುದು. ವೇವ್ ಫೈಲು ನಾಲ್ಕು ಗಿಗಾಬೈಟು ಮೀರಲಾರದಾದ್ದರಿಂದ ಕ್ಯಾಸೆಟ್ಟಿನ ಒಂದೊಂದು ಮಗ್ಗುಲಿಗೂ ಒಂದೊಂದು ಫೈಲು ಮಾಡುವುದು ಲೇಸು. ಮೂಲಪ್ರತಿಯಲ್ಲಿ ಮರ್ಮರವನ್ನು ತೆಗೆಯುವುದಾಗಲಿ ಕೆಮ್ಮನ್ನು ಕತ್ತರಿಸುವುದಾಗಲಿ ಕೂಡದು. ಆಮೇಲೆ ಅದರಿಂದ ಎಂಪಿ3 ಪ್ರತಿಗಳನ್ನು ಎಷ್ಟಾದರೂ ಮಾಡಿ ಸದಸ್ಯರಿಗೆ ಹಂಚಬಹುದು. ಕೇಳುವ ಪ್ರತಿಯಾಗಿ ಎಂಪಿ3ಗೆ ನನ್ನ ವಿರೋಧವೇ ಇಲ್ಲ. 2017ರಲ್ಲಿ ಅದರ ಪರವಾನಗಿಯ ಪದ್ಧತಿಯೂ ಮುಗಿದುದರಿಂದ ಅದು ಈಗ ಯಾವ ಕಟ್ಟುಪಾಡೂ ಇಲ್ಲದ ಸಾರ್ವಜನಿಕ ವಸ್ತು, ಎಲ್ಲ ಯಂತ್ರಗಳೂ ಅದನ್ನು ಓದುತ್ತವೆ.

ಮೂಲಪ್ರತಿ ಎಲ್ಲಿರಬೇಕೆಂಬುದನ್ನೂ ಈಗಲೇ ನಿಶ್ಚಯಿಸಬೇಕು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಈ ಊರಿನ ಮೇಲೆಯೇ ಬಂದೆರಗಿದುದನ್ನು ಯಾರೂ ಮರೆತಿಲ್ಲ. 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬುಡಮೇರು ತುಂಬಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಒಂದು ತಟ್ಟೆ ಇಲ್ಲಿ, ಒಂದು ವಿಜಯವಾಡದ ಮಿತ್ರರ ಬಳಿ, ಮೂರನೆಯದು ಕರ್ನಾಟಕದಲ್ಲಿ ಇರಲಿ. ವರ್ಷಕ್ಕೊಮ್ಮೆ ಮೂರರ ತಾಳೆಯನ್ನೂ ನೋಡಬೇಕು. ಆ ಕೆಲಸವನ್ನು ನಾನು ಒಪ್ಪಿಕೊಳ್ಳಲು ಸಿದ್ಧನಿದ್ದೇನೆ.

ಯಾವುದನ್ನು ಮೊದಲು ಇಳಿಸಬೇಕೆಂಬ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಾಗಲಾರದು. ಅಂಗಡಿಯಲ್ಲಿ ಕೊಂಡ ಸಂಗೀತದ ಕ್ಯಾಸೆಟ್ಟುಗಳನ್ನು ಬಿಡಬಹುದು. ಆಕಾಶವಾಣಿಯಿಂದ ಹಿಡಿದುಕೊಂಡವು ಕೊನೆಗಿರಲಿ. (ವಿಶಾಖಪಟ್ಟಣದ ಆಕಾಶವಾಣಿ ಕೇಂದ್ರವೂ ಫಿಲಿಪ್ಸ್ ಸಂಸ್ಥೆಯ ಕ್ಯಾಸೆಟ್ಟೂ ಹುಟ್ಟಿದ್ದು ಒಂದೇ ವರ್ಷ, 1963.) ಉಪನ್ಯಾಸಗಳಲ್ಲಿ ಹಲವು ಆಮೇಲೆ ಲೇಖನಗಳಾಗಿ ಅಚ್ಚಾಗಿವೆ. ಮನೆಯ ಹೆಂಗಸರ ಹಾಡುಗಳಿಗೆ ಬೇರೆ ಪ್ರತಿಯಿಲ್ಲ. ಅವುಗಳಲ್ಲಿಯೂ ಬೂಷ್ಟು ಹಿಡಿದ ಹನ್ನೊಂದನ್ನು, ತಿಳಿದವರು ಶುಚಿ ಮಾಡುವವರೆಗೆ ಯಾರೂ ಯಂತ್ರಕ್ಕೆ ಹಾಕಬಾರದು. ಆ ಹನ್ನೊಂದರಲ್ಲಿ ಒಂದರ ಮೇಲೆ ನೀಲಿ ಶಾಯಿಯಲ್ಲಿ "ಅಮ್ಮ, ಶ್ರಾವಣ" ಎಂದಷ್ಟೇ ಬರೆದಿದೆ. ಬರೆದವರು ಯಾರು, ಆ ಅಮ್ಮ ಯಾರ ಮನೆಯವರು, ಯಾವ ಸೀಮೆಯವರು ಎಂಬುದನ್ನು ಬಲ್ಲ ವಾಚಕರು ಸಂಪಾದಕರಿಗೆ ಬರೆದು ತಿಳಿಸಬೇಕಾಗಿ ಪ್ರಾರ್ಥನೆ.